ಮದ್ಯವಾಚಕ ಶಬ್ದಗಳೂ ಹೆಂಡದ ಮಾರಯ್ಯನೂ

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಕನ್ನಡದಲ್ಲಿ ಅನೇಕ ಕಾದಂಬರಿ, ನಾಟಕಗಳು ಹುಟ್ಟಿವೆ. ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಭಕ್ತರ ಮನೆಗಳಲ್ಲಿ ಇಂಥ ಗ್ರಂಥಗಳನ್ನು ಮಕ್ಕಳೂ ಓದುವುದರಿಂದ ಅವುಗಳ ಶಬ್ದಗಳನ್ನು ವಿವೇಚಿಸಿ ತಿಳಿಯುವುದು ಯುಕ್ತ. ಪಾನವನ್ನು ಹೇಳುವ ಶಬ್ದಗಳಲ್ಲಿ ಈ ವಿವೇಚನೆ ವಿಶೇಷವಾಗಿ ಬೇಕು. ಅಲ್ಲಿ ತಿಳಿವಳಿಕೆ ತಪ್ಪಿದರೆ ಒಬ್ಬ ಶರಣನ ಹೆಸರಿಗೇ ಕುಂದು ಬರುವ ಸಂಭವವುಂಟು.

‘ಕಾದಂಬರಿ’ ಎಂಬ ಮಾತನ್ನೇ ನೋಡಬಹುದು. ಏಳನೆಯ ಶತಮಾನದ ಬಾಣಭಟ್ಟನ ಗದ್ಯಕಾವ್ಯದ ನಾಯಿಕೆಯ ಹೆಸರು ಕನ್ನಡದಲ್ಲಿ ಕಲ್ಪಿತಕಥೆಗೆ ನಿಂತಿತು. ಆದರೆ ಅಮರಕೋಶದಲ್ಲಿ ಅದು ಸುರಾ, ಹಾಲಾ, ಮದಿರಾ, ಪ್ರಸನ್ನಾ ಎಂಬ ಮದ್ಯನಾಮಗಳೊಡನೆ ಬರುತ್ತದೆ. ಮೈರೇಯ, ಆಸವ, ಸೀಧು ಎಂಬವೂ ಅಲ್ಲಿಯೇ ಉಕ್ತವಾಗಿವೆ. ದಂಡಿಯು ಮಹಾಕಾವ್ಯದ ವರ್ಣನೆಗಳಲ್ಲಿ ಮಧುಪಾನವನ್ನೂ ಎಣಿಸಿದನು; ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯ ವರ್ಣನೆಯುಂಟು.

ಇವು ಆಸ್ಥಾನದ ಮಾತುಗಳು. ಜನರ ಬಾಯಲ್ಲಿದ್ದವು ಕಳ್ಳು, ಹೆಂಡಗಳು. ಹಳಗನ್ನಡದ ‘ಕಳ್’ ಎಂಬುದೇ ಇಂದಿನ ‘ಕಳ್ಳು’. ಈಚಲು, ತಾಳೆ, ತೆಂಗುಗಳಿಂದ ಇಳಿಸಿದ ರಸವು ಮೊದಲು ಸಿಹಿಯಾಗಿದ್ದು, ಕೆಲವು ತಾಸುಗಳಲ್ಲಿಯೇ ಹುಳಿತು ಅಮಲೇರಿಸುವುದಾಗುತ್ತದೆ. ಬಿಜ್ಜಳನ ಕಾಲದ ಭಟನ ಬಾಯಲ್ಲಿ ‘ಬ್ರಾಂದಿ’ ಎನ್ನಿಸಿದರೆ, ಅಥವಾ ಅವನ ಕಳ್ಳಿನೊಡನೆ ಪೋರ್ಚುಗೀಸರ ಅನಂತರ ಈ ನಾಡಿಗೆ ಬಂದ ಮೆಣಸಿನಕಾಯಿಯನ್ನು ಇಟ್ಟರೆ, ದಂಡಿಯೇ ಹೇಳಿದ ಕಾಲವಿರೋಧವೆಂಬ ದೋಷ ಉಂಟಾಗುತ್ತದೆ.

ಇದಕ್ಕಿಂತಲೂ ದೊಡ್ಡದು ಅರ್ಥವಿರೋಧ. ಧರ್ಮೇಶ್ವರಲಿಂಗ ಎಂಬ ಅಂಕಿತದಿಂದ ವಚನಗಳನ್ನು ನುಡಿದ ಹೆಂಡದ ಮಾರಯ್ಯನ ಹೆಸರನ್ನು ಕೇಳಿ, ಆತನು ಪಾನಾಸಕ್ತನಾಗಿದ್ದನೆಂದು ಊಹಿಸುವವರು ಇರಬಹುದು. ಅಂಬಿಗರ ಚೌಡಯ್ಯ, ಮೇದರ ಕೇತಯ್ಯ ಎಂಬಲ್ಲಿ ಹೇಗೋ ಹಾಗೆ ಇಲ್ಲಿಯೂ ಮೊದಲ ಪದವು ಕಾಯಕವನ್ನು ಹೇಳುತ್ತದೆಯೇ ಹೊರತು ಶೀಲವನ್ನಲ್ಲ. ಹಾಗಾದರೆ ಹೆಂಡ ಮಾರುವುದು ಕಾಯಕವಾದೀತೆ ಎಂಬ ಶಂಕೆ ಸಹಜವಾದುದೇ. ಕುಡಿಯಬಂದವರಿಗೆ ಅದರ ಕೇಡನ್ನು ತಿಳಿಹೇಳಿ ಅವರನ್ನು ಸನ್ಮಾರ್ಗಕ್ಕೆ ತಿರುಗಿಸಿದವನು ಮಾರಯ್ಯನೆಂದು ಸಂಪ್ರದಾಯವು ಉತ್ತರಿಸುತ್ತದೆ. ಆತನ ವಚನಗಳಲ್ಲಿ ಮಡಕೆ, ಸುರೆ, ಬಟ್ಟಲುಗಳು ಸಂಸಾರಮೋಹದ ಸಂಕೇತಗಳಾಗಿವೆ. ವೃತ್ತಿಯ ಉಪಕರಣಗಳೇ ಉಪದೇಶದ ಉಪಕರಣಗಳಾದವು. ಜನರು ಬೀಳುವ ಸ್ಥಳವನ್ನು ಪ್ರತಿದಿನ ಕಂಡವನಿಗೆ ಎಚ್ಚರಿಸುವ ಅಧಿಕಾರ ಹೆಚ್ಚು.

ಮದ್ಯ, ಮದಿರೆ, ಮದ ಇವೆಲ್ಲ ‘ಮದ್’ ಎಂಬ ಒಂದೇ ಧಾತುವಿನಿಂದ ಹುಟ್ಟಿವೆ. ಎಚ್ಚರಗೇಡಿತನವಾದ ಪ್ರಮಾದವೂ ಬುದ್ಧಿವಿಕಾರವಾದ ಉನ್ಮಾದವೂ ಅದರವೇ. ಆದುದರಿಂದ ಬಟ್ಟಲನ್ನು ಮುಟ್ಟದವನೂ ತಾನು ಮದರಹಿತನೆಂದು ಹೇಳುವಂತಿಲ್ಲ. ಕುಲಮದ, ಧನಮದ, ವಿದ್ಯಾಮದಗಳು ಬಟ್ಟಲಿಲ್ಲದೆಯೇ ಏರುತ್ತವೆ. ಕುಡಿದವನ ಅಮಲು ಬೆಳಗಾಗುವಷ್ಟರಲ್ಲಿ ಇಳಿಯಬಹುದು, ಇವು ಆಯುಷ್ಯವೆಲ್ಲ ಇಳಿಯದಿರಬಹುದು. ಹಾಗೆಂದು ಪಾನವು ಕ್ಷಮ್ಯವೆಂದಲ್ಲ. ಒಬ್ಬನ ಕುಡಿತದಿಂದ ಮನೆಯವರೆಲ್ಲರ ಅನ್ನ ಹೋಗುತ್ತದೆ. ದಾಸೋಹ ನಡೆಯಬೇಕಾದ ಮನೆಯಲ್ಲಿ ಸಾಲ ನೆಲಸುತ್ತದೆ.

ಗೃಹಸ್ಥರು ಕಲ್ಯಾಣದ ಕಥೆಗಳನ್ನು ಮಕ್ಕಳಿಗೆ ಓದಿಸಲಿ. ಹೆಂಡದ ಮಾರಯ್ಯನ ಹೆಸರು ಬಂದಲ್ಲಿ ನಿಲ್ಲಿಸಿ ಅದರ ಅರ್ಥವನ್ನು ಹೇಳಲಿ. ಹೆಸರಿನಲ್ಲಿ ಹೆಂಡವಿದ್ದೂ ನಡೆಯಲ್ಲಿ ಮದವಿಲ್ಲದಿರುವುದು ಶರಣನ ಲಕ್ಷಣ. ಹೆಸರಿನಲ್ಲಿ ಶಿವನಿದ್ದು ನಡೆಯಲ್ಲಿ ಮದವಿದ್ದರೆ ಆ ಹೆಸರಿನಿಂದ ಫಲವಿಲ್ಲ.