ಕಂಬಳಿಯ ಶಾಖ ಯಾರದು?

ಉಷ್ಣದ ಪಾಠವನ್ನು ಆರಂಭಿಸುವಾಗ ನಾವು ತರಗತಿಯಲ್ಲಿ ಒಂದು ಪ್ರಶ್ನೆಯನ್ನು ಕೇಳುವುದುಂಟು. ಮಂಜುಗೆಡ್ಡೆಯ ಎರಡು ಸಮಾನ ತುಂಡುಗಳಲ್ಲಿ ಒಂದನ್ನು ತಟ್ಟೆಯಲ್ಲಿ ಬರಿದೇ ಇಟ್ಟು, ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಯಾವುದು ಮೊದಲು ಕರಗುತ್ತದೆ? ಕಂಬಳಿಯಲ್ಲಿ ಸುತ್ತಿದ್ದೇ ಮೊದಲು ಕರಗುತ್ತದೆಂದು ಹಲವರು ಉತ್ತರಿಸುತ್ತಾರೆ. ಕಂಬಳಿ ಬೆಚ್ಚಗಿನ ವಸ್ತು, ಆದುದರಿಂದ ಅದು ಮಂಜನ್ನು ಕರಗಿಸಲೇಬೇಕು ಎಂಬುದು ಅವರ ತರ್ಕ. ಪ್ರಯೋಗ ಮಾಡಿ ನೋಡಿದಾಗ ಫಲ ಇದಕ್ಕೆ ವಿರುದ್ಧವಾಗಿರುತ್ತದೆ. ತಟ್ಟೆಯಲ್ಲಿನ ತುಂಡು ನೀರಾದ ಮೇಲೂ ಕಂಬಳಿಯೊಳಗಿನ ತುಂಡು ಬಹಳ ಹೊತ್ತು ಉಳಿದಿರುತ್ತದೆ. ಕಂಬಳಿಗೆ ತನ್ನದೆಂಬ ಶಾಖವಿಲ್ಲ. ಒಳಗಿನ ಶಾಖವನ್ನು ಹೊರಕ್ಕೂ ಹೊರಗಿನ ಶಾಖವನ್ನು ಒಳಕ್ಕೂ ಸುಲಭವಾಗಿ ಬಿಡದಿರುವುದಷ್ಟೇ ಅದರ ಕೆಲಸ.

ಈ ಸಣ್ಣ ಪಾಠದ ಬೆಳಕಿನಲ್ಲಿ ಒಂದು ದೊಡ್ಡ ಸೇವಾಕಾರ್ಯವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕಾಯಿಲೆಯಿಂದ ನರಳುವ ಅಥವಾ ಆಘಾತಕ್ಕೊಳಗಾದ ಮಕ್ಕಳಿಗಾಗಿ ಸ್ವಯಂಸೇವಕರು ತಮ್ಮ ಕೈಯಿಂದಲೇ ಹೊದಿಕೆಗಳನ್ನು ಹೆಣೆದು ಕೊಡುವ ಕಾರ್ಯವದು. ಆಸ್ಪತ್ರೆಗಳಲ್ಲಿ ಹೊದಿಕೆಗಳಿಗೆ ಕೊರತೆಯಿಲ್ಲದ ದೇಶದಲ್ಲಿ ಇದರ ಅಗತ್ಯವೇನು? ಕೈಯಿಂದ ಹೆಣೆದ ಹೊದಿಕೆಯಲ್ಲಿ ಗಿರಣಿಯ ಹೊದಿಕೆಯಲ್ಲಿಲ್ಲದ ಗುಣ ಯಾವುದು? ಪ್ರಶ್ನೆ ಸಹಜವಾದುದು, ಉತ್ತರವನ್ನು ಹಂತ ಹಂತವಾಗಿ ಹುಡುಕೋಣ.

ಒಂದು ಛಾಯಾಚಿತ್ರದಿಂದ

1995ನೆಯ ಡಿಸೆಂಬರ್ 24ರಂದು ಅಮೆರಿಕದ ‘ಪರೇಡ್’ ಪತ್ರಿಕೆಯಲ್ಲಿ ಎಡ್ಡಿ ಆಡಮ್ಸ್ ಎಂಬ ಪ್ರಸಿದ್ಧ ಛಾಯಾಗ್ರಾಹಕರ ಚಿತ್ರಲೇಖನವೊಂದು ಪ್ರಕಟವಾಯಿತು. ಅದರಲ್ಲಿದ್ದ ಒಂದು ಪುಟ್ಟ ಬಾಲಕಿಗೆ ರಕ್ತದ ಕ್ಯಾನ್ಸರ್. ಕೀಮೋಥೆರಪಿ ಎಂಬ ಕಠಿಣ ಚಿಕಿತ್ಸೆಯ ದಿನಗಳಲ್ಲಿ ತನ್ನ ನೆಚ್ಚಿನ ಹೊದಿಕೆಯೇ ತನಗೆ ಆಸರೆಯಾಗಿತ್ತೆಂದು ಆ ಮಗು ಹೇಳಿತ್ತು. ಡೆನ್ವರ್ ಪ್ರಾಂತದ ಕ್ಯಾರನ್ ಲೌಕ್ಸ್ ಎಂಬ ಮಹಿಳೆ ಇದನ್ನು ಓದಿ, ಅಲ್ಲಿನ ಮಕ್ಕಳ ಕ್ಯಾನ್ಸರ್ ಚಿಕಿತ್ಸಾಕೇಂದ್ರಕ್ಕೆ ಕೈಹೆಣಿಗೆಯ ಹೊದಿಕೆಗಳನ್ನು ಒದಗಿಸಲು ನಿಶ್ಚಯಿಸಿದರು. ಹೀಗೆ ‘ಪ್ರಾಜೆಕ್ಟ್ ಲೈನಸ್’ ಹುಟ್ಟಿತು. ಚಾರ್ಲ್ಸ್ ಶುಲ್ಜ್ ಅವರ ‘ಪೀನಟ್ಸ್’ ಚಿತ್ರಕಥೆಯಲ್ಲಿ ಬರುವ, ತನ್ನ ಹೊದಿಕೆಯನ್ನು ಎಂದೂ ಕೈಬಿಡದ ಬಾಲಕನೇ ಲೈನಸ್. 1954ರಿಂದ ಆ ಹೊದಿಕೆ ಅವನ ಕೈಯಲ್ಲಿದೆ.

ಈ ಸಂಸ್ಥೆಯ ಶಾಖೆಗಳು ಕ್ರಮೇಣ ಅಮೆರಿಕದಾದ್ಯಂತ ಹರಡಿದವು. 2000ದಲ್ಲಿ ಬ್ರಿಟನ್ನಿನಲ್ಲಿಯೂ ಇದೇ ಹೆಸರಿನ ಕಾರ್ಯ ಆರಂಭವಾಯಿತು. ಹೆಣಿಗೆ ಬಲ್ಲವರು ಹೆಣೆಯುತ್ತಾರೆ, ಕ್ರೋಶ ಬಲ್ಲವರು ಕೊಕ್ಕೆಸೂಜಿ ಹಿಡಿಯುತ್ತಾರೆ, ಹೊಲಿಗೆ ಬಲ್ಲವರು ತುಂಡುಬಟ್ಟೆಗಳನ್ನು ಜೋಡಿಸಿ ಕೌದಿಯಂಥದನ್ನು ಹೊಲಿಯುತ್ತಾರೆ. ನವಜಾತ ಶಿಶುವಿನಿಂದ ಹದಿನೆಂಟು ವರ್ಷದವರ ತನಕ, ಕಾಯಿಲೆಯಿಂದಾಗಲಿ ಆಘಾತದಿಂದಾಗಲಿ ನೊಂದವರಿಗೆ ಅವು ಸಲ್ಲುತ್ತವೆ. ಹೊದಿಕೆ ಮಗುವಿಗೆ ಎರವಲಲ್ಲ; ಅದರ ಸ್ವಂತದ್ದು. ಮನೆಗೆ ಹೋಗುವಾಗ ಅದು ಮಗುವಿನೊಡನೆಯೇ ಹೋಗುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಮುಖ್ಯವಾಗುವುದು.

ಗಾಳಿಯ ಸೆರೆಮನೆ

ಮೊದಲು ಭೌತವಿಜ್ಞಾನದ ಮಾತು. ಶಾಖವು ದೇಹದಿಂದ ಹೊರಹೋಗುವ ಪ್ರಧಾನ ಮಾರ್ಗಗಳು ವಹನ, ಸಂವಹನ, ವಿಕಿರಣ ಮತ್ತು ಬೆವರಿನ ಬಾಷ್ಪೀಭವನ. ಅಲುಗಾಡದೆ ನಿಂತ ಗಾಳಿ ಅತ್ಯಂತ ದುರ್ಬಲವಾದ ಉಷ್ಣವಾಹಕ. ನೀರು ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು, ಕಬ್ಬಿಣವು ಸುಮಾರು ಮೂರು ಸಾವಿರ ಪಟ್ಟು ಉತ್ತಮ ವಾಹಕ. ಆದರೆ ಗಾಳಿ ಒಂದೆಡೆ ನಿಲ್ಲುವ ಸ್ವಭಾವದ್ದಲ್ಲ. ಮೈಗೆ ತಾಗಿ ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಅದರ ಸ್ಥಾನಕ್ಕೆ ತಣ್ಣನೆಯ ಗಾಳಿ ಬರುತ್ತದೆ. ಇದೇ ಸಂವಹನ.

ಗಾಳಿಯನ್ನು ನಿಲ್ಲಿಸುವ ಉಪಾಯವೇ ಹೊದಿಕೆ. ಉಣ್ಣೆಯ ಎಳೆಗಳು ಸುರುಳಿ ಸುರುಳಿಯಾಗಿರುವುದರಿಂದ ಅವು ಒಂದಕ್ಕೊಂದು ಒತ್ತಿಕೊಳ್ಳದೆ ನಡುವೆ ಅಸಂಖ್ಯ ಸಣ್ಣ ಅವಕಾಶಗಳನ್ನು ಬಿಡುತ್ತವೆ. ಒಂದು ದಪ್ಪನೆಯ ಕಂಬಳಿಯ ಗಾತ್ರದಲ್ಲಿ ಹತ್ತಕ್ಕೆ ಎಂಟು ಪಾಲಿಗೂ ಹೆಚ್ಚು ಇರುವುದು ಗಾಳಿಯೇ. ಉಣ್ಣೆಯ ಎಳೆ ತಾನಾಗಿ ಗಾಳಿಗಿಂತ ಹಲವು ಪಟ್ಟು ಉತ್ತಮ ವಾಹಕವೆಂಬುದನ್ನು ಗಮನಿಸಿದರೆ, ನಮ್ಮನ್ನು ಬೆಚ್ಚಗಿಡುವುದು ಉಣ್ಣೆಯಲ್ಲ, ಅದು ಸೆರೆಹಿಡಿದ ಗಾಳಿ ಎಂಬುದು ಸ್ಪಷ್ಟವಾಗುತ್ತದೆ. ಉತ್ತರ ಕರ್ನಾಟಕದ ಕೌದಿಯಲ್ಲಿಯೂ, ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯಲ್ಲಿಯೂ ಇದೇ ತತ್ತ್ವ. ಹಳೆಯ ಸೀರೆಗಳ ಪದರಗಳ ನಡುವಣ ಗಾಳಿಯೇ ಅಲ್ಲಿ ಕೆಲಸಮಾಡುವುದು. ಕೊಕ್ಕೆಸೂಜಿಯಿಂದ ಹೆಣೆದ, ದೊಡ್ಡ ರಂಧ್ರಗಳ ಹೊದಿಕೆ ಒಂದೇ ಇದ್ದರೆ ಅಷ್ಟು ಬೆಚ್ಚಗಿರದು. ಅದರ ಮೇಲೆ ಒಂದು ತೆಳ್ಳನೆಯ ದುಪ್ಪಟಿಯನ್ನು ಹರಡಿದರೆ ರಂಧ್ರಗಳ ಗಾಳಿ ನಿಂತು ಹೊದಿಕೆ ತಟ್ಟನೆ ಬೆಚ್ಚಗಾಗುತ್ತದೆ. ವಾಚಕರು ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು.

ಚಿಕ್ಕ ದೇಹ, ದೊಡ್ಡ ಮೈ

ಇನ್ನು ಮಗುವಿನ ಕಡೆ ತಿರುಗೋಣ. ಶಾಖ ಹುಟ್ಟುವುದು ದೇಹದ ಗಾತ್ರದಲ್ಲಿ; ಹೊರಹೋಗುವುದು ಮೈಯ ಹೊರಮೇಲ್ಮೈಯಿಂದ. ಒಂದೇ ಆಕಾರದ ಎರಡು ವಸ್ತುಗಳಲ್ಲಿ ಚಿಕ್ಕದಕ್ಕೆ ಗಾತ್ರದ ಪ್ರಮಾಣದಲ್ಲಿ ಮೇಲ್ಮೈ ಹೆಚ್ಚು. ಹದಿನೈದು ಕಿಲೋಗ್ರಾಮ್ ತೂಗುವ ಮಗುವನ್ನು ಅರವತ್ತು ಕಿಲೋಗ್ರಾಮಿನ ವಯಸ್ಕನಿಗೆ ಹೋಲಿಸಿದರೆ, ಪ್ರತಿ ಕಿಲೋಗ್ರಾಮ್ ತೂಕಕ್ಕೆ ಮಗುವಿನ ಮೇಲ್ಮೈ ಸುಮಾರು ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು. ತಪ್ಪಲೆಯಲ್ಲಿನ ಕಾಫಿಗಿಂತ ಲೋಟದಲ್ಲಿನ ಕಾಫಿ ಬೇಗ ಆರುವುದು ಇದೇ ಕಾರಣದಿಂದ.

ಆಸ್ಪತ್ರೆಯಲ್ಲಿ ಇನ್ನೊಂದು ಅಂಶವೂ ಸೇರುತ್ತದೆ. ರಕ್ತನಾಳದೊಳಕ್ಕೆ ಹನಿಹನಿಯಾಗಿ ಇಳಿಯುವ ದ್ರಾವಣ ಸಾಮಾನ್ಯವಾಗಿ ಕೊಠಡಿಯ ಉಷ್ಣತೆಯಲ್ಲಿರುತ್ತದೆ. ಅದನ್ನು 25 ಡಿಗ್ರಿ ಎಂದಿಟ್ಟುಕೊಳ್ಳೋಣ. ಅರ್ಧ ಲೀಟರ್ ದ್ರಾವಣವನ್ನು 37 ಡಿಗ್ರಿಗೆ ಏರಿಸಲು ದೇಹವು ತೆರಬೇಕಾದ ಶಾಖ 6 ಕಿಲೋಕ್ಯಾಲೊರಿ. ಹದಿನೈದು ಕಿಲೋಗ್ರಾಮಿನ ಮಗುವಿನ ಉಷ್ಣತೆಯನ್ನು ಅರ್ಧ ಡಿಗ್ರಿಯಷ್ಟು ಇಳಿಸಲು ಇಷ್ಟು ಶಾಖದ ನಷ್ಟ ಸಾಕು. ಆದರೆ ದೇಹವು ಸುಮ್ಮನಿರುವುದಿಲ್ಲ. ಅಷ್ಟು ತೂಕದ ಮಗು ವಿಶ್ರಾಂತಿಯಲ್ಲಿದ್ದಾಗಲೂ ಹಳೆಯ ಕಾಲದ 40 ವಾಟ್ ಬಲ್ಬಿನಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಆ 6 ಕಿಲೋಕ್ಯಾಲೊರಿಯನ್ನು ಅದು ಹತ್ತು ನಿಮಿಷದಲ್ಲಿ ತುಂಬಿಕೊಡಬಲ್ಲದು. ದ್ರಾವಣವಾದರೋ ಹಲವು ಗಂಟೆಗಳ ಕಾಲ ನಿಧಾನವಾಗಿ ಇಳಿಯುತ್ತದೆ. ಆದುದರಿಂದ ಮಗು ಹುಟ್ಟಿಸಿದ ಶಾಖ ವ್ಯರ್ಥವಾಗದಂತೆ ಕಾಯುವ ಒಂದು ಸಾಧಾರಣ ಹೊದಿಕೆಯಿದ್ದರೆ ಲೆಕ್ಕ ಸರಿಹೋಗುತ್ತದೆ.

ಇಲ್ಲಿಗೆ ಭೌತವಿಜ್ಞಾನದ ತೀರ್ಪು ಬಂದಂತಾಯಿತು. ಸಮಾನ ದಪ್ಪದ, ಸಮಾನವಾಗಿ ಗಾಳಿಯನ್ನು ಹಿಡಿದಿಡುವ ಎರಡು ಹೊದಿಕೆಗಳಲ್ಲಿ ಒಂದನ್ನು ಗಿರಣಿ ನೇಯ್ದಿದೆಯೋ ಇನ್ನೊಂದನ್ನು ಅಜ್ಜಿಯೊಬ್ಬಳು ಹೆಣೆದಿದ್ದಾಳೋ ಎಂಬುದನ್ನು ಉಷ್ಣಮಾಪಕ ಗುರುತಿಸಲಾರದು. ಕೈಹೆಣಿಗೆಗೆ ವಿಶೇಷ ಗುಣವಿದ್ದರೆ ಅದನ್ನು ಬೇರೆಡೆ ಹುಡುಕಬೇಕು.

ಉಷ್ಣಮಾಪಕಕ್ಕೆ ಕಾಣದ್ದು

ಬ್ರಿಟನ್ನಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ 1953ರಲ್ಲಿ ಒಂದು ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ಎಳೆಯ ಮಗು ಯಾವುದೋ ಒಂದು ಬಟ್ಟೆಯ ತುದಿಯನ್ನೋ ಗೊಂಬೆಯನ್ನೋ ಅಪ್ಪಿಕೊಂಡು, ಅದಿಲ್ಲದೆ ನಿದ್ರಿಸದಿರುವುದನ್ನು ಅವರು ಚಟವೆಂದು ಎಣಿಸಲಿಲ್ಲ. ತಾಯಿಯ ಮಡಿಲಿನಿಂದ ಹೊರಗಿನ ಲೋಕಕ್ಕೆ ದಾಟುವಾಗ ಮಗು ಹಿಡಿದುಕೊಳ್ಳುವ ಊರುಗೋಲು ಎಂಬಂತೆ ಅವರು ಅದನ್ನು ಕಂಡರು. ಇದನ್ನು ‘ಸಂಕ್ರಮಣ ವಸ್ತು’ ಎಂದು ಕರೆಯಬಹುದು. ಅಂಥ ಬಟ್ಟೆ ಕೊಳೆಯಾಗಿ ವಾಸನೆ ಬರುತ್ತಿದ್ದರೂ ತಾಯಂದಿರು ಅದನ್ನು ಒಗೆಯಲು ಹಿಂಜರಿಯುವುದನ್ನೂ ಅವರು ಗಮನಿಸಿದ್ದರು.

1958ರಲ್ಲಿ ಅಮೆರಿಕದ ಹ್ಯಾರಿ ಹಾರ್ಲೊ ತಮ್ಮ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ತಾಯಿಯಿಂದ ಬೇರ್ಪಟ್ಟ ಕೋತಿಮರಿಗಳ ಮುಂದೆ ತಂತಿಯ ಗೊಂಬೆಯೊಂದನ್ನೂ ಮೆತ್ತನೆಯ ಬಟ್ಟೆ ಸುತ್ತಿದ ಗೊಂಬೆಯೊಂದನ್ನೂ ಇರಿಸಲಾಗಿತ್ತು. ಹಾಲು ತಂತಿಯ ಗೊಂಬೆಯಲ್ಲಿದ್ದಾಗಲೂ ಮರಿಗಳು ದಿನದ ಬಹುಭಾಗವನ್ನು ಬಟ್ಟೆಯ ಗೊಂಬೆಯನ್ನು ಅಪ್ಪಿಕೊಂಡೇ ಕಳೆದವು. ಮರಿಗಳನ್ನು ತಾಯಿಯಿಂದ ಅಗಲಿಸಿದ ಈ ಪ್ರಯೋಗಗಳು ಕ್ರೂರವೆಂಬ ಟೀಕೆಗೆ ಒಳಗಾಗಿವೆ; ಆ ಟೀಕೆ ನ್ಯಾಯವಾದುದು. ಆದರೆ ಮೃದುಸ್ಪರ್ಶ ಆಹಾರದಂತೆಯೇ ಒಂದು ಅಗತ್ಯವೆಂಬುದನ್ನು ಅವು ತೋರಿಸಿಕೊಟ್ಟವು. ಮುಂದೆ ಸ್ವೀಡನ್ನಿನ ಸಂಶೋಧಕರು ಮನುಷ್ಯನ ರೋಮವುಳ್ಳ ಚರ್ಮದಲ್ಲಿ ಒಂದು ಬಗೆಯ ಸೂಕ್ಷ್ಮ ನರತಂತುಗಳನ್ನು ಪರಿಶೀಲಿಸಿ, ಅವು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಮೃದುವಾದ ಸವರುವಿಕೆಗೆ ಚೆನ್ನಾಗಿ ಸ್ಪಂದಿಸುತ್ತವೆಂದು ಕಂಡುಕೊಂಡರು. ತಾಯಿ ಮಗುವಿನ ಬೆನ್ನನ್ನು ನೇವರಿಸುವ ವೇಗವೂ ಹೆಚ್ಚುಕಡಿಮೆ ಅದೇ.

ಹೊದಿಕೆಗೆ ಇನ್ನಷ್ಟು ನೇರವಾದ ಸಾಕ್ಷ್ಯವೂ ಉಂಟು. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಿಚರ್ಡ್ ಪಾಸ್‌ಮನ್ ಮತ್ತು ಅವರ ಸಹೋದ್ಯೋಗಿಗಳು ವೈದ್ಯಪರೀಕ್ಷೆಗೆ ಬಂದ ಮೂರು ವರ್ಷದ ಮಕ್ಕಳನ್ನು ಗಮನಿಸಿದರು. ಹೊದಿಕೆಯನ್ನು ಹಚ್ಚಿಕೊಂಡಿದ್ದ ಮಕ್ಕಳಲ್ಲಿ ತಾಯಿ ಬಳಿಯಿದ್ದಾಗ ಕಳವಳ ಎಷ್ಟು ತಗ್ಗಿತೋ, ತಾಯಿಯಿಲ್ಲದೆ ತಮ್ಮ ಹೊದಿಕೆ ಮಾತ್ರ ಇದ್ದಾಗಲೂ ಅಷ್ಟೇ ತಗ್ಗಿತು. ಆದರೆ ಈ ಫಲ ಹೊದಿಕೆಯನ್ನು ಮೊದಲೇ ಹಚ್ಚಿಕೊಂಡಿದ್ದ ಮಕ್ಕಳದು ಎಂಬುದನ್ನು ಮರೆಯಬಾರದು. ಬಲವಿರುವುದು ನೂಲಿನಲ್ಲಿ ಅಲ್ಲ. ಮಗು ಅದರೊಡನೆ ಬೆಳೆಸಿಕೊಂಡ ನಂಟಿನಲ್ಲಿ.

ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಯಾವ ವಸ್ತುವಿನ ಪ್ರತಿಯನ್ನಾದರೂ ತೆಗೆಯುವ ಯಂತ್ರವೆಂದು ಮಕ್ಕಳಿಗೆ ಒಂದು ಪೆಟ್ಟಿಗೆಯನ್ನು ತೋರಿಸಿ, ಅವರ ನೆಚ್ಚಿನ ವಸ್ತುವನ್ನು ಅದರೊಳಗೆ ಇಡಲು ಕೇಳಲಾಯಿತು. ಕೆಲವು ಮಕ್ಕಳು ಇಡಲೇ ಒಪ್ಪಲಿಲ್ಲ. ಒಪ್ಪಿದವರಲ್ಲಿ ಬಹುಮಂದಿ ಪ್ರತಿಯನ್ನು ಬಿಟ್ಟು ತಮ್ಮ ಮೂಲ ವಸ್ತುವನ್ನೇ ಬೇಡಿದರು. ಮಗುವಿಗೆ ತನ್ನ ಹೊದಿಕೆ ಎಂದರೆ ಅದೇ ಒಂದು, ಅದರಂಥದು ಇನ್ನೊಂದಿಲ್ಲ.

ಈಗ ನಮ್ಮ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಆಸ್ಪತ್ರೆಯ ಹೊದಿಕೆ ಇಂದು ಒಬ್ಬರದು, ನಾಳೆ ಒಗೆತಕ್ಕೆ ಹೋಗಿ ಮರುದಿನ ಇನ್ನೊಬ್ಬರದು. ಅದು ಬೆಚ್ಚಗಿಡಬಲ್ಲದು, ಆದರೆ ನಂಟಿಗೆ ಎಡೆಕೊಡದು. ಕೈಯಿಂದ ಹೆಣೆದುದು ತನ್ನ ಬಣ್ಣದಲ್ಲಿ, ಅಂಚಿನಲ್ಲಿ, ಒಮ್ಮೊಮ್ಮೆ ತಪ್ಪಿದ ಹೆಣಿಗೆಯಲ್ಲಿಯೂ ಬೇರೆಲ್ಲದಕ್ಕಿಂತ ಭಿನ್ನ. ತನ್ನದನ್ನು ಗುರುತಿಸಲು ಮಗುವಿಗೆ ಆ ಭಿನ್ನತೆಯೇ ಸಾಕು. ಸೂಜಿ, ಔಷಧ, ಊಟದ ಹೊತ್ತು ಎಲ್ಲವನ್ನೂ ಇತರರು ನಿರ್ಧರಿಸುವ ಕೊಠಡಿಯಲ್ಲಿ ಅದು ಮಗುವಿನದೇ ಆದ ಒಂದು ವಸ್ತು.

ಪ್ರೀತಿಗೂ ನಿಯಮಗಳುಂಟು

ಆದರೂ ಹೊದಿಕೆ ಔಷಧವಲ್ಲ. ಅದು ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ಕೊಟ್ಟ ಕ್ಷಣದಲ್ಲಿಯೇ ಅದು ಮಗುವಿನ ಸಂಗಾತಿಯೂ ಆಗದು. ನಂಟು ಬೆಳೆಯಲು ದಿನಗಳು ಬೇಕು. ಕೆಲವು ಮಕ್ಕಳಲ್ಲಿ ಬೆಳೆಯದೆಯೂ ಹೋಗಬಹುದು. ಜ್ವರವೇರಿದ ಮಗುವಿಗೆ ದಪ್ಪನೆಯ ಹೊದಿಕೆ ಹೊದಿಸಿದರೆ, ಹೊರಹೋಗಬೇಕಾದ ಶಾಖವೂ ಒಳಗೇ ಉಳಿಯುತ್ತದೆ. ಒಂದು ವರ್ಷ ತುಂಬದ ಶಿಶು ನಿದ್ರಿಸುವಾಗ ಬಳಿಯಲ್ಲಿ ಸಡಿಲವಾದ ಹೊದಿಕೆ ಇರಕೂಡದೆಂಬುದು ವೈದ್ಯರ ಸಲಹೆ. ಮುಖದ ಮೇಲೆ ಬಿದ್ದರೆ ಉಸಿರಿಗೇ ಅಪಾಯ.

ಪ್ರಾಜೆಕ್ಟ್ ಲೈನಸ್‌ನ ನಿಯಮಗಳಲ್ಲಿಯೂ ಇಂಥ ವಿವೇಕ ಕಾಣುತ್ತದೆ. ಹೊದಿಕೆ ಹೊಸದಾಗಿರಬೇಕು, ಒಗೆಯಲು ಬರುವಂತಿರಬೇಕು, ಧೂಮಪಾನವಿಲ್ಲದ ಮನೆಯಿಂದ ಬಂದಿರಬೇಕು. ಅಲಂಕಾರಕ್ಕೆಂದು ಕಿತ್ತುಬರುವಂಥದನ್ನು ಹೊಲಿದಿರಕೂಡದು. ಕಾರಣ ಸುಲಭವಾಗಿ ತಿಳಿಯುತ್ತದೆ. ಕೀಮೋಥೆರಪಿಯಿಂದ ರಕ್ತದ ಬಿಳಿಕಣಗಳು ಕಡಮೆಯಾದ ಮಗುವಿಗೆ ಸಣ್ಣ ಸೋಂಕೂ ದೊಡ್ಡ ವಿಪತ್ತು. ಉಣ್ಣೆಯ ಎಳೆಯ ಮೇಲೆ ಮೀನಿನ ಹೊರಮೈಯಲ್ಲಿರುವಂಥ ಪೊರೆಗಳಿವೆ. ಬಿಸಿನೀರಿನಲ್ಲಿ ಕುಲುಕಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಹೊದಿಕೆ ಕುಗ್ಗಿ ಗಡುಸಾಗುತ್ತದೆ. ಪದೇ ಪದೇ ಒಗೆಯಬೇಕಾದಲ್ಲಿ ಹತ್ತಿಯ ಅಥವಾ ಅಕ್ರಿಲಿಕ್ ನೂಲು ಮೇಲು. ನಮ್ಮ ಅಜ್ಜಿಯರು ಹಳೆಯ ಸೀರೆಗಳಿಂದ ಹೊಲಿದ ಕೌದಿ ಮನೆಯ ಮಗುವಿಗೆ ಎಷ್ಟೇ ಒಳ್ಳೆಯದಾದರೂ, ಅಪರಿಚಿತ ಮಗುವಿಗೆ ಆಸ್ಪತ್ರೆಯಲ್ಲಿ ಕೊಡುವಾಗ ಹೊಸ ಬಟ್ಟೆಯೇ ಸರಿ. ನಮ್ಮಲ್ಲಿಯೂ ಯಾರಾದರೂ ಇಂಥ ಕಾರ್ಯಕ್ಕೆ ಮನಮಾಡಿದರೆ, ಸೂಜಿ ಹಿಡಿಯುವ ಮೊದಲು ಆಸ್ಪತ್ರೆಯವರನ್ನು ಕೇಳಿ ಅವರ ನಿಯಮ ತಿಳಿದುಕೊಳ್ಳಬೇಕು. ಕೊಡುವಾಗ, ಸಾಧ್ಯವಾದರೆ, ನಾಲ್ಕಾರು ಹೊದಿಕೆಗಳನ್ನು ಹರಡಿ ಮಗುವೇ ಆರಿಸಿಕೊಳ್ಳುವಂತೆ ಬಿಡಬೇಕು.

ಮತ್ತೆ ಮೊದಲಿನ ಪಾಠಕ್ಕೆ ಬರೋಣ. ಕಂಬಳಿಯೊಳಗಿನ ಶಾಖ ಕಂಬಳಿಯದಲ್ಲ, ಹೊದ್ದವರದು. ಮಗುವಿನ ಧೈರ್ಯದ ವಿಷಯದಲ್ಲಿಯೂ ಹೀಗೆಯೇ ಹೇಳಬಹುದೆಂದು ನಮಗೆ ತೋರುತ್ತದೆ. ದೂರದಲ್ಲಿ ಕುಳಿತು ಹೆಣೆದವರು ಆ ಧೈರ್ಯವನ್ನು ಹುಟ್ಟಿಸಲಾರರು. ಮಗುವಿನಲ್ಲಿ ಇರುವಷ್ಟು ಧೈರ್ಯ ರಾತ್ರಿಯ ಹೊತ್ತಿನಲ್ಲಿ ಸೋರಿಹೋಗದಂತೆ ಕಾಯಬಲ್ಲರು. ಅಷ್ಟಾದರೆ ಅವರ ಶ್ರಮ ಸಾರ್ಥಕ.