ರೀಮೇಕಿನಲ್ಲಿ ಅನ್ಯನುಡಿ: ‘ಆಪ್ತಮಿತ್ರ’ದ ನಾಗವಲ್ಲಿ

ರೀಮೇಕನ್ನು ಮೂಲದ ನಕಲೆಂದಷ್ಟೇ ಪರಿಗಣಿಸುವ ಧೋರಣೆಯ ಮಿತಿಯನ್ನು ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (2004) ತೋರಿಸಿಕೊಡುತ್ತದೆ. ಫಾಜಿಲ್ ಅವರ ಮಲಯಾಳಂ ಮೂಲ ‘ಮಣಿಚಿತ್ರತ್ತಾಳ್’ (1993) ಚಿತ್ರದಲ್ಲಿ ನರ್ತಕಿ ನಾಗವಲ್ಲಿ ತಂಜಾವೂರಿನವಳು. ತಾನೇ ಅವಳೆಂದು ಭ್ರಮಿಸುವ ಗಂಗೆ ತಮಿಳು ನುಡಿಯುತ್ತಾಳೆ. ಕನ್ನಡದ ಗಂಗೆ ನುಡಿಯುವುದು ತೆಲುಗನ್ನು. ಭಾಷೆ ಬದಲಾದರೂ ಮನೆಮಾತಿಗೂ ನೆರೆನುಡಿಗೂ ಇರುವ ಸಂಬಂಧ ಉಳಿದಿದೆ. ಶಾಸ್ತ್ರೀಯ ಸಂಗೀತ, ನೃತ್ಯಗಳ ಪದಸಾಹಿತ್ಯದಲ್ಲಿ ತೆಲುಗಿಗಿರುವ ಸ್ಥಾನ ಈ ಆಯ್ಕೆಗೆ ಒಪ್ಪುತ್ತದೆ.

ವಾಸು ಅವರದೇ ತಮಿಳು ‘ಚಂದ್ರಮುಖಿ’ (2005) ಮೂಲದ ತಮಿಳಿಗೆ ಮರಳಲಾರದೆ ಕನ್ನಡದ ತೆಲುಗನ್ನೇ ಅನುಸರಿಸಿತು. ಹಿಂದಿಯ ‘ಭೂಲ್ ಭುಲಯ್ಯಾ’ (2007) ಬಂಗಾಳಿಯನ್ನು ಆಯ್ದುಕೊಂಡಿತು.

ಆದರೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಹುಬ್ಬಳ್ಳಿ-ಧಾರವಾಡದ ಒಡನಾಟ ಮರಾಠಿಯೊಡನೆ, ಸಂಗೀತ ಪರಂಪರೆ ಹಿಂದೂಸ್ತಾನಿ. ಆದುದರಿಂದ ರೀಮೇಕಿನ ತೌಲನಿಕ ಅಧ್ಯಯನವು ಮೂಲನಿಷ್ಠೆಯನ್ನು ಅಳೆಯುವುದಕ್ಕಿಂತ, ಚಿತ್ರವು ಯಾವ ಪ್ರದೇಶದ ಅನುಭವವನ್ನು ‘ಕನ್ನಡ’ವೆಂದು ಭಾವಿಸಿದೆ ಎಂಬುದನ್ನು ಪರಿಶೀಲಿಸುವುದು ಅಗತ್ಯ.