ಖಂಬಾಟ್ಕಿಯಲ್ಲೇ ನಿಲ್ಲಿಸಬೇಕಿತ್ತು

ಪುಣೆಯಿಂದ ಸಾತಾರಾ ಕಡೆಗೆ ಬರುವಾಗ ಖಂಬಾಟ್ಕಿ ಘಾಟಿಯ ಏರು ಸಿಗುತ್ತದೆ. 2023ರ ಫೆಬ್ರುವರಿಯ ಒಂದು ಮಧ್ಯಾಹ್ನ ಆ ಏರಿನಲ್ಲಿ ನಮ್ಮ ಕ್ಯಾರವಾನಿನ ಟೆಂಪರೇಚರ್ ಮುಳ್ಳು ನಡುಗೆರೆ ಬಿಟ್ಟು ಮೇಲೇಳತೊಡಗಿತು. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು ಕಛ್ ನೋಡಿಕೊಂಡು ಊರಿಗೆ ಮರಳುತ್ತಿದ್ದೆವು. ಹದಿನಾರು ದಿನ ಕಳೆದಿತ್ತು, 3,700 ಕಿ.ಮೀ. ಓಡಿಯಾಗಿತ್ತು, ಬೆಂಗಳೂರಿಗೆ ಇನ್ನು 800 ಕಿ.ಮೀ. ಇತ್ತು.

ಘಾಟಿಯ ನೆತ್ತಿಯಲ್ಲಿ ಜಾಗ ಸಿಕ್ಕ ಕಡೆ ನಿಲ್ಲಿಸಿ ಬಾನೆಟ್ ಎತ್ತಿದೆ. ಕಾದ ಕೂಲೆಂಟಿನ ಸಿಹಿ ಸಿಹಿ ವಾಸನೆ ಮುಖಕ್ಕೆ ಬಡಿಯಿತು. ವಾಟರ್ ಪಂಪಿನ ಅಡಿಯಿಂದ ಹಸಿರು ಹನಿಗಳು ಒಂದರ ಹಿಂದೊಂದು ಟಾರಿನ ಮೇಲೆ ಬೀಳುತ್ತಿದ್ದವು. ಹಿಂದೆ ಬರುತ್ತಿದ್ದ ಲಾರಿ ಚಾಲಕನೊಬ್ಬ ನಿಲ್ಲಿಸಿ, ಸುರೂರ್ ಫಾಟಾದ ಮೇಸ್ತ್ರಿಗೆ ಫೋನ್ ಮಾಡಿಕೊಟ್ಟ. ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದ ಮೇಸ್ತ್ರಿ ಟಾರ್ಚ್ ಹಾಕಿ ನೋಡಿ, ಪಂಪ್ ಹೋಗಿದೆ, ಗಾಡಿ ಓಡಿಸಬೇಡಿ ಎಂದ. ಹೊಸ ಪಂಪ್ ಸಾತಾರಾದಿಂದ ನಾಳೆ ಬರುತ್ತದೆ, ಕೂಲಿ, ಕೂಲೆಂಟ್ ಎಲ್ಲ ಸೇರಿ ₹9,500. ಎರಡು ರಾತ್ರಿ ಲಾಡ್ಜು, ಊಟ, ಆಟೋಗೆ ₹9,000 ಎಂದು ನಾನೇ ಅಂದಾಜು ಹಾಕಿದೆ. ಒಟ್ಟು ₹18,500.

ಬೇಡ ಎಂದೆ.

ಏಕೆ ಬೇಡ ಎಂದೆ ಎಂಬುದೇ ಈ ಅಂಕಣದ ವಿಷಯ. ಸೋಮವಾರ ಮಗಳಿಗೆ ಶಾಲೆ ಇತ್ತು. ಬೆಳಗಾವಿಯಲ್ಲಿ ಗೆಳೆಯರೊಬ್ಬರಿಗೆ ಗುರುತಿನ ಗ್ಯಾರೇಜ್ ಇತ್ತು, ಅಲ್ಲಿ ಕನ್ನಡದಲ್ಲಿ ಮಾತಾಡಿ ಕೆಲಸ ಮಾಡಿಸಬಹುದೆಂಬ ಧೈರ್ಯವಿತ್ತು. ಆದರೆ ನಿಜವಾದ ಕಾರಣ ಬೇರೆ. ಪ್ರವಾಸಕ್ಕೆಂದು ತೆಗೆದಿಟ್ಟ ಹಣದಲ್ಲಿ ಉಳಿದದ್ದು ₹14,000. ನನ್ನ ಬಜೆಟ್ಟಿನಲ್ಲಿ ಡೀಸೆಲ್, ಟೋಲ್, ಊಟ, ಪಾರ್ಕಿಂಗ್, ಮಗಳಿಗೆ ಕಛ್‌ನ ಭುಜೋಡಿಯ ಶಾಲು ಎಲ್ಲಕ್ಕೂ ಸಾಲು ಇತ್ತು. ರಿಪೇರಿಗೆ ಸಾಲು ಇರಲಿಲ್ಲ. ಸಾಲೇ ಇಲ್ಲದ ಖರ್ಚು ಎದುರಾದಾಗ ಮನಸ್ಸು ಅದನ್ನು ಖರ್ಚು ಎಂದು ಒಪ್ಪುವುದಿಲ್ಲ, ಮುಂದಕ್ಕೆ ತಳ್ಳುವ ದಾರಿ ಹುಡುಕುತ್ತದೆ. ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಸಾಲದ ಅರ್ಜಿ ಪರಿಶೀಲಿಸಿದವನು ನಾನು. ಆ ಹೊತ್ತಿನಲ್ಲಿ ಅದೊಂದೂ ಉಪಯೋಗಕ್ಕೆ ಬರಲಿಲ್ಲ.

ಇಪ್ಪತ್ತು ಲೀಟರಿನ ಎರಡು ಕ್ಯಾನುಗಳಲ್ಲಿ ನೀರು ತುಂಬಿಕೊಂಡು ಹೊರಟೆವು. ಮೂವತ್ತು ಕಿ.ಮೀ.ಗೊಮ್ಮೆ ನಿಲ್ಲಿಸುವುದು, ಆರುವವರೆಗೆ ಕಾಯುವುದು, ನೀರು ಹೊಯ್ಯುವುದು. ಮಗಳು ಕ್ಯಾನ್ ಹಿಡಿದುಕೊಂಡು ನಿಲ್ಲುತ್ತಿದ್ದಳು. ಸಾತಾರಾ, ಕರಾಡ್, ಕೊಲ್ಹಾಪುರ ದಾಟಿದೆವು. ನಿಪ್ಪಾಣಿ ಬಂದಾಗ ರಾತ್ರಿ ಹನ್ನೊಂದು. ಕರ್ನಾಟಕ ತಲುಪಿದೆವು ಎಂದು ಹೆಂಡತಿ ನಿಟ್ಟುಸಿರು ಬಿಟ್ಟಳು. ಹತ್ತು ನಿಮಿಷದ ಮೇಲೆ ತವಂದಿ ಘಾಟಿಯ ಏರಿನಲ್ಲಿ ಹಿಂದಿನ ಗಾಜು ಬಿಳಿ ಹೊಗೆಯಲ್ಲಿ ಮುಚ್ಚಿಹೋಯಿತು, ಎಂಜಿನ್ ಒಮ್ಮೆ ಕರಕರ ಎಂದು ನಿಂತಿತು.

ಬೆಳಗಾವಿಯ ಮೇಸ್ತ್ರಿ ಮೂರನೇ ದಿನ ಹೆಡ್ ಬಿಚ್ಚಿ ಬೆಂಚಿನ ಮೇಲಿಟ್ಟು ನನ್ನನ್ನು ಕರೆದರು. ಅದರ ಮುಖದ ಮೇಲೆ ಉಕ್ಕಿನ ಪಟ್ಟಿಯೊಂದನ್ನು ಅಡ್ಡ ಇಟ್ಟು ಹಿಂದಿನಿಂದ ಬಲ್ಬ್ ಹಿಡಿದರು. ನೇರವಾಗಿದ್ದರೆ ಬೆಳಕು ಹಾಯಬಾರದು. ನಡುವಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. ಗ್ಯಾಸ್ಕೆಟ್ಟಿನಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ ಕಪ್ಪಗೆ ಸುಟ್ಟ ಗೆರೆ. ಅವರು ಅದರ ಮೇಲೆ ಉಗುರು ಎಳೆದು, "ಮೊದಲ ಸಲ ಮುಳ್ಳು ಏರಿದಾಗ ಬಂದ್ ಮಾಡಿದ್ದರೆ ಇದು ಇಲ್ಲ ಸರ್" ಎಂದರು. ಪಿಸ್ಟನ್, ಲೈನರ್, ಬೇರಿಂಗ್, ಹೆಡ್ ಫೇಸಿಂಗ್, ಗ್ಯಾಸ್ಕೆಟ್ ಸೆಟ್, ಹೊಸ ಪಂಪ್, ಕೂಲಿ ಎಲ್ಲ ಸೇರಿ ₹1,64,000.

ಟೋಯಿಂಗ್ ₹11,500. ಬೆಳಗಾವಿಯಲ್ಲಿ ಮೂರು ದಿನ ರೂಮು, ಊಟ, ಓಡಾಟಕ್ಕೆ ₹13,500. ರೈಲಿನಲ್ಲಿ ಮನೆಗೆ, ಹತ್ತೊಂಬತ್ತು ದಿನದ ಮೇಲೆ ಗಾಡಿ ತರಲು ಮತ್ತೆ ಬೆಳಗಾವಿಗೆ, ಅದಕ್ಕೆ ₹5,200. ಮೊತ್ತ ₹1,94,200. ಖಂಬಾಟ್ಕಿಯಲ್ಲಿ ನಿಂತಿದ್ದರೆ ಆಗುತ್ತಿದ್ದ ₹18,500 ಕಳೆದರೆ ₹1,75,700. ಸುರೂರಿನ ಮೇಸ್ತ್ರಿ ಬೇಡ ಎಂದ ಮೇಲೆ ನಾನು ಓಡಿಸಿದ್ದು ಸುಮಾರು 200 ಕಿ.ಮೀ. ಕಿ.ಮೀ.ಗೆ ಸುಮಾರು ₹878 ಬಿತ್ತು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಹೊರಡುವ ಹತ್ತು ದಿನ ಮೊದಲು ಬೆಂಗಳೂರಿನ ನಮ್ಮ ಮೇಸ್ತ್ರಿ ಗಾಡಿಯನ್ನು ಹಿಂದಕ್ಕೆ ತೆಗೆಸಿ, ನೆಲದ ಮೇಲೆ ಅಂಗೈಯಗಲದ ಹಸಿರು ಕಲೆ ತೋರಿಸಿದ್ದರು. ಪಂಪಿನ ಸೀಲ್ ಜಿನುಗುತ್ತಿದೆ, ಪಂಪ್ ಮತ್ತು ಹೋಸ್ ಪೈಪುಗಳನ್ನು ಬದಲಿಸಿಬಿಡೋಣ, ₹7,800 ಆಗುತ್ತದೆ ಎಂದಿದ್ದರು. ಬಂದ ಮೇಲೆ ನೋಡೋಣ ಎಂದೆ. ಅದೇ ವಾರ ₹7,499 ಕೊಟ್ಟು ಒಂದು ಬ್ರೇಕ್‌ಡೌನ್ ಕವರ್ ಕೊಂಡೆ.

ಈ ಬ್ರೇಕ್‌ಡೌನ್ ಕವರ್ ಎಂಬುದರ ಬಗ್ಗೆ ನನಗೆ ಈಗ ತಾಳ್ಮೆ ಉಳಿದಿಲ್ಲ. ದೇಶದ ಯಾವ ಮೂಲೆಯಲ್ಲಿ ನಿಂತರೂ ಫೋನ್ ಮಾಡಿ ಎಂದು ಮಾರುತ್ತಾರೆ. ತವಂದಿಯ ಕತ್ತಲಲ್ಲಿ ಫೋನ್ ಮಾಡಿದೆ. ಮೂರು ಗಂಟೆ ನಲವತ್ತು ನಿಮಿಷ ಕಾದೆವು. ಕೊನೆಗೆ ಬಂದ ಉತ್ತರ: 3 ಟನ್ ಮೀರಿದ ವಾಹನಕ್ಕೆ ಟೋಯಿಂಗ್ ಇಲ್ಲ, ಒಳಾಂಗಣ ಮಾರ್ಪಾಡು ಮಾಡಿದ ವಾಹನ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. ಹಾಸಿಗೆ, ನೀರಿನ ಟ್ಯಾಂಕು, ಬ್ಯಾಟರಿ ಹೊತ್ತ ನಮ್ಮಂಥ ಕ್ಯಾರವಾನ್ 3 ಟನ್ನಿನ ಒಳಗಿರುತ್ತದೆಯೇ? ಆರ್‌ಸಿಯಲ್ಲಿ ಕ್ಯಾರವಾನ್ ಎಂದೇ ನಮೂದಾದ ಗಾಡಿಗೆ, ಆ ಆರ್‌ಸಿಯ ಪ್ರತಿ ತೆಗೆದುಕೊಂಡೇ ಹಣ ಪಡೆದಿದ್ದರು. ರಿಪೇರಿ ಖರ್ಚು ಕೇಳಿದಾಗ ಹದಿನಾಲ್ಕನೇ ಪುಟ ತೋರಿಸಿದರು: ಎಚ್ಚರಿಕೆಯ ಸೂಚನೆ ಕಂಡ ಮೇಲೂ ಓಡಿಸಿದ್ದರಿಂದ ಆದ ಹಾನಿಗೆ ಪರಿಹಾರವಿಲ್ಲ. ಈ ಷರತ್ತು ನ್ಯಾಯವಾದದ್ದೇ, ಒಪ್ಪುತ್ತೇನೆ. ಟೋಯಿಂಗ್ ವಿಷಯದಲ್ಲಿ ಮಾಡಿದ್ದು ಅನ್ಯಾಯ. ಕೊಳ್ಳುವವರು ಹಣ ಕಟ್ಟುವ ಮೊದಲು ಒಟ್ಟು ತೂಕ, ವಾಹನದ ವರ್ಗ, ಟೋಯಿಂಗಿನ ಕಿ.ಮೀ. ಮಿತಿ ಈ ಮೂರನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಬಿಟ್ಟುಬಿಡಿ.

ಆ ರಾತ್ರಿ ನೆರವಾದದ್ದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033. ಕ್ರೇನ್ ಬಂದು ಗಾಡಿಯನ್ನು ತಿರುವಿನಿಂದ ಸರಿಸಿ ಸುರಕ್ಷಿತ ಜಾಗಕ್ಕೆ ತಂದು ನಿಲ್ಲಿಸಿತು. ನಮ್ಮಿಂದ ಹಣ ಕೇಳಲಿಲ್ಲ. ಆ ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ.

ವಿಮೆ ಇರಲಿಲ್ಲವೇ ಎಂದು ಹಲವರು ಕೇಳಿದರು. ಕಾಂಪ್ರಹೆನ್ಸಿವ್ ಇತ್ತು, ಝೀರೋ ಡೆಪ್ ಇತ್ತು. ನಮ್ಮ ದೇಶದ ಮೋಟಾರು ಪಾಲಿಸಿಗಳು ಸವೆತವನ್ನೂ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬ್ರೇಕ್‌ಡೌನನ್ನೂ ಸ್ಪಷ್ಟವಾಗಿ ಹೊರಗಿಡುತ್ತವೆ. ಅಪಘಾತವಾಗದೆ ಎಂಜಿನ್ ಕೆಟ್ಟರೆ ಪಾಲಿಸಿಯಿಂದ ಏನೂ ಬರುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಮುಖ್ಯವಾಗಿ ನೀರು ನುಗ್ಗಿದಾಗ, ಅಡಿಗೆ ಪೆಟ್ಟು ಬಿದ್ದು ಆಯಿಲ್ ಸೋರಿದಾಗ ಕೆಲಸಕ್ಕೆ ಬರುವಂಥದ್ದು. ಒಳಾಂಗಣಕ್ಕೆ ಹಾಕಿದ ಹಣ ಪಾಲಿಸಿಯ ಐಡಿವಿಯಲ್ಲಿ, ಅಂದರೆ ವಾಹನದ ವಿಮಾ ಮೌಲ್ಯದಲ್ಲಿ, ಸೇರಿದೆಯೇ ಎಂದು ನವೀಕರಣದ ವೇಳೆ ನೋಡಿಕೊಳ್ಳಿ. ವಿಮೆಯ ಮಾತು ಇಲ್ಲಿಗೆ ಸಾಕು.

ಹಾಗಾದರೆ ರಿಪೇರಿಗೆ ಎಷ್ಟು ತೆಗೆದಿಡಬೇಕು? ಬೆಳಗಾವಿಯಿಂದ ಬಂದ ವಾರವೇ ಕೂತು ನಾನು ಹಾಕಿದ ಲೆಕ್ಕವನ್ನು ಹಾಗೆಯೇ ಕೊಡುತ್ತೇನೆ, ನಿಧಾನವಾಗಿ ಓದಿ. ನಮ್ಮದು ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರನ್ನು ಮಾರ್ಪಡಿಸಿದ ಗಾಡಿ. ನಾಲ್ಕು ಟೈರಿಗೆ ₹38,000, ಅವು 50,000 ಕಿ.ಮೀ. ಬಾಳಿದರೆ ಕಿ.ಮೀ.ಗೆ 76 ಪೈಸೆ. ಕ್ಲಚ್ ಸೆಟ್ ₹24,000, 80,000 ಕಿ.ಮೀ.ಗೆ ಭಾಗಿಸಿದರೆ 30 ಪೈಸೆ. ಬ್ರೇಕ್, ಸಸ್ಪೆನ್ಷನ್ ಕೆಲಸಕ್ಕೆ 40,000 ಕಿ.ಮೀ.ಗೊಮ್ಮೆ ₹30,000, ಅಂದರೆ 75 ಪೈಸೆ. ಪಂಪ್, ಹೋಸ್, ಥರ್ಮೋಸ್ಟಾಟ್, ರೇಡಿಯೇಟರ್ ಕ್ಲೀನಿಂಗ್ ಸೇರಿ ಕೂಲಿಂಗ್ ವ್ಯವಸ್ಥೆಗೆ 40,000 ಕಿ.ಮೀ.ಗೆ ₹16,000, ಅಂದರೆ 40 ಪೈಸೆ. ಆಯಿಲ್ ಸರ್ವಿಸ್ 10,000 ಕಿ.ಮೀ.ಗೊಮ್ಮೆ ₹9,000, ಅಂದರೆ 90 ಪೈಸೆ. ಕೂಡಿದರೆ ಕಿ.ಮೀ.ಗೆ ₹3.11.

ಇದು ಓಡಿದ್ದಕ್ಕೆ ಆಗುವ ಸವೆತ. ಗಾಡಿಯ ಮನೆ ಭಾಗ ಓಡದೆ ನಿಂತರೂ ಸವೆಯುತ್ತದೆ. ಒಳಗಿನ ಬ್ಯಾಟರಿ ₹60,000, ಆರು ವರ್ಷ ಬಂದರೆ ವರ್ಷಕ್ಕೆ ₹10,000. ಎಂಜಿನ್ ಬ್ಯಾಟರಿ ₹9,000, ಮೂರು ವರ್ಷಕ್ಕೆ ಹಂಚಿದರೆ ₹3,000. ನೀರಿನ ಪಂಪು, ಪೈಪು, ಫ್ರಿಜ್, ಬಾಗಿಲಿನ ರಬ್ಬರು, ಸೋರುವ ಕಿಟಕಿ ಇವುಗಳಿಗೆ ವರ್ಷಕ್ಕೆ ₹11,000. ಒಟ್ಟು ₹24,000. ವರ್ಷಕ್ಕೆ 8,000 ಕಿ.ಮೀ. ಓಡಿಸಿದರೆ ಕಿ.ಮೀ.ಗೆ ₹3. ಮೊದಲಿನ ₹3.11 ಸೇರಿಸಿದರೆ ₹6.11. ಆ ವರ್ಷ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ ₹87.89. ನಮ್ಮ ಗಾಡಿ ಲೀಟರಿಗೆ 9 ಕಿ.ಮೀ. ಕೊಡುತ್ತದೆ, ಅಲ್ಲಿಗೆ ಕಿ.ಮೀ.ಗೆ ₹9.77. ಅಂದರೆ ಡೀಸೆಲಿಗೆ ₹100 ಖರ್ಚಾದಾಗಲೆಲ್ಲ ಸವೆತದ ಬಾಬ್ತು ₹62ಕ್ಕೂ ಹೆಚ್ಚು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಬಂಕಿನಲ್ಲಿ ಕೊಡುವ ಹಣ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ನಮ್ಮ 4,500 ಕಿ.ಮೀ. ಪ್ರವಾಸಕ್ಕೆ ₹27,495 ಆಗುತ್ತದೆ. ಅಷ್ಟು ಬೇರೆ ಖಾತೆಯಲ್ಲಿ ಇದ್ದಿದ್ದರೆ ಖಂಬಾಟ್ಕಿಯಲ್ಲಿ ನನ್ನ ಉತ್ತರ ಬೇರೆಯೇ ಇರುತ್ತಿತ್ತು.

ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡಿಸುವವರು ಖರ್ಚು ಕಡಿಮೆ ಎಂದುಕೊಳ್ಳಬೇಡಿ. ಅವರಿಗೆ ನಿಂತಲ್ಲೇ ಆಗುವ ಸವೆತ ಕಿ.ಮೀ.ಗೆ ₹6 ಆಗಿ, ಒಟ್ಟು ₹9.11ಕ್ಕೆ ಏರುತ್ತದೆ. ವರ್ಷಕ್ಕೆ ಎರಡೇ ಸಲ ಹೊರಡುವವರು ಬಾಡಿಗೆಗೆ ಪಡೆಯುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ಯಾರವಾನ್ ಕೆಟ್ಟಾಗ ಮನೆಯೂ ಗ್ಯಾರೇಜಿಗೆ ಹೋಗುತ್ತದೆ. ಹಾಸಿಗೆ, ಸ್ಟೌ, ಫ್ರಿಜ್ಜಿನ ಹಾಲು, ಮಗಳ ಶಾಲೆಯ ಪುಸ್ತಕ ಎಲ್ಲ ಲೇತ್ ಅಂಗಡಿಯ ಅಂಗಳದಲ್ಲಿ. ಆದ್ದರಿಂದ ರಿಪೇರಿ ನಿಧಿಯ ಜೊತೆಗೆ ಐದು ರಾತ್ರಿಯ ವಾಸದ ಹಣವೂ ಕೈಗೆಟಕುವಂತಿರಬೇಕು. ದಿನಕ್ಕೆ ₹4,500ರಂತೆ ₹22,500. ಎಲ್ಲಿಡಬೇಕು ಎಂಬುದೂ ಮುಖ್ಯ. ನನ್ನ ಹಣ ತಕ್ಷಣ ತೆಗೆಯಲಾಗದ ಇಎಲ್‌ಎಸ್‌ಎಸ್ ಫಂಡಿನಲ್ಲೂ ಐದು ವರ್ಷದ ಎಫ್‌ಡಿಯಲ್ಲೂ ಇತ್ತು. ಬಿಡಿಭಾಗಕ್ಕೆ ಮುಂಗಡ ಕೊಡಬೇಕಾದಾಗ ತಮ್ಮನಿಂದ ಸಾಲ ಪಡೆದೆ, ಅದೂ ಯುಪಿಐನ ದಿನದ ₹1 ಲಕ್ಷದ ಮಿತಿಯಿಂದಾಗಿ ಎರಡು ದಿನಕ್ಕೆ ಹಂಚಿ ಬಂತು. ಈಗ ಸ್ವೀಪ್-ಇನ್ ಎಫ್‌ಡಿಯಲ್ಲಿ ಅರ್ಧ, ಲಿಕ್ವಿಡ್ ಫಂಡಿನಲ್ಲಿ ಅರ್ಧ ಇಟ್ಟಿದ್ದೇನೆ. ಲಿಕ್ವಿಡ್ ಫಂಡೊಂದರಿಂದ ತಕ್ಷಣದ ರಿಡೆಂಪ್ಷನ್ ದಿನಕ್ಕೆ ₹50,000ಕ್ಕಿಂತ ಹೆಚ್ಚು ಸಿಗದು, ನೆನಪಿರಲಿ. ಪ್ರತಿ ಪ್ರವಾಸದ ಕೊನೆಗೆ ಓಡೋಮೀಟರ್ ನೋಡಿ, ಕಿ.ಮೀ.ಗೆ ₹6.11ರಂತೆ ಈ ನಿಧಿಗೆ ವರ್ಗಾಯಿಸುತ್ತೇನೆ.

ನಮ್ಮ ಜನ ಕ್ಯಾರವಾನ್ ಕಟ್ಟಿಸುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ನಾನೂ ಒಳಾಂಗಣಕ್ಕೆ ₹5.6 ಲಕ್ಷ ಸುರಿದೆ. ಬಣ್ಣ ಬದಲಿಸುವ ದೀಪ, ಮಡಿಸುವ ಟಿವಿ, ಹೊರಗೆ ನೆರಳಿನ ಪರದೆ. ನೀರಿನ ಟ್ಯಾಂಕ್ ತುಂಬಿದರೆ ಅದೊಂದೇ 120 ಕೆ.ಜಿ. ಆ ಭಾರವನ್ನೆಲ್ಲ ಘಾಟಿ ಹತ್ತಿಸುವುದು ಎಂಜಿನ್, ಎಂಜಿನ್ ಉಳಿಸುವುದು ಒಂದು ಪಂಪು, ನಾಲ್ಕು ರಬ್ಬರ್ ಪೈಪು. ಮನೆಗೆ ಬಂದವರಿಗೆ ಪರದೆ ತೋರಿಸುತ್ತೇವೆ, ಪೈಪು ತೋರಿಸುವುದಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಹತ್ತು ನಿಮಿಷ ಬಾನೆಟ್ ಎತ್ತಿ ಆಯಿಲ್, ಕೂಲೆಂಟ್, ಬೆಲ್ಟ್ ನೋಡುವ ಅಭ್ಯಾಸ ನಮಗಿಲ್ಲ. ಹಳೆಯ ಲಾರಿ ಚಾಲಕರಿಗೆ ಇತ್ತು, ಪೂಜೆ ಮಾಡಿ ನಿಂಬೆಹಣ್ಣು ಕಟ್ಟುವಾಗಲೂ ಅವರು ಟೈರಿಗೆ ತಟ್ಟಿ ಸದ್ದು ಕೇಳುತ್ತಿದ್ದರು. ನೀರು ಜಿನುಗಿದರೆ ಸರಿ ಮಾಡಿಸಿ. ಮುಳ್ಳು ಏರಿದರೆ ಎಸಿ ಆರಿಸಿ, ಬದಿಗೆ ತಂದು ಎಂಜಿನ್ ಬಂದ್ ಮಾಡಿ, ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಸ್ಥಳೀಯ ಮೇಸ್ತ್ರಿ ಓಡಿಸಬೇಡಿ ಎಂದರೆ ಅವನ ಭಾಷೆ ಯಾವುದೇ ಇರಲಿ, ಕೇಳಿ.

ಬೇಸಿಗೆ ರಜೆಗೆ ಹೊರಡುವವರು ಹಿಂದಿನ ರಾತ್ರಿ ಎಂಜಿನ್ ಕೆಳಗೆ ಹಳೆಯ ಪತ್ರಿಕೆಯ ಎರಡು ಹಾಳೆ ಹಾಸಿ ಮಲಗಿ. ಬೆಳಿಗ್ಗೆ ಹಾಳೆ ಒದ್ದೆಯಾಗಿದ್ದರೆ ಹೊರಡುವ ದಿನವನ್ನು ಮುಂದಕ್ಕೆ ಹಾಕಿ.